ಮನ್ರೋಲಪ್ಪ: ಋಣಕ್ಕೆ ಇಟ್ಟ ಹೆಸರು

ಬಳ್ಳಾರಿ, ಅನಂತಪುರ, ಕಡಪ ಸೀಮೆಯ ರೈತರ ಮನೆಗಳಲ್ಲಿ ಒಂದು ಕಾಲಕ್ಕೆ ಗಂಡುಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಡುತ್ತಿದ್ದರು. ಕೆಲವು ಕಡೆ ‘ಮನ್ರೋಲಯ್ಯ’. ಪಂಚಾಂಗ ನೋಡಿ ಆರಿಸಿದ ಹೆಸರಲ್ಲ ಇದು. ಈ ಹೆಸರಿನ ಕುಲದೇವರು ಇಲ್ಲ, ಗುರುವಿನ ಗದ್ದುಗೆಯೂ ಇಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನಿಕನಾಗಿ ಮದ್ರಾಸಿಗೆ ಬಂದು, ನಮ್ಮ ಹೊಲಗಳನ್ನು ಸರಪಳಿ ಹಿಡಿಸಿ ಅಳೆಸಿದ ಥಾಮಸ್ ಮನ್ರೋ ಎಂಬ ಅಧಿಕಾರಿಯ ಅಡ್ಡಹೆಸರು, ಹೀಗೆ ನಮ್ಮ ತೊಟ್ಟಿಲಿಗೆ ಬಂದು ಕೂತಿತು.

ಇಂದು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ‘ಮನ್ರೋಲಪ್ಪಾ’ ಎಂದರೆ ಯಾರಾದರೂ ತಿರುಗುತ್ತಾರೆಂಬ ಭರವಸೆ ಇಲ್ಲ. ಸ್ಕಾಟ್ಲೆಂಡಿನ ಹೆಸರೊಂದು ನಮ್ಮ ಹಳ್ಳಿಯ ಹೆಸರಾದದ್ದು ಹೇಗೆ, ಆಮೇಲೆ ಅಪರೂಪವಾದದ್ದು ಏಕೆ ಎಂದು ಹುಡುಕುತ್ತ ಹೋದರೆ, ಸಿಗುವ ಉತ್ತರ ಮನ್ರೋನಿಗಿಂತ ಹೆಚ್ಚಾಗಿ ನಮ್ಮನ್ನೇ ಕುರಿತದ್ದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಹೆಸರು ಎಂದರೆ ಒಂದು ಋಣದ ಲೆಕ್ಕ. ದೇವರ ಋಣ, ಗುರುವಿನ ಋಣ, ಹೊಳೆಯ ಋಣ, ಒಮ್ಮೊಮ್ಮೆ ದೊರೆಯ ಋಣ.

ರೋ ನದಿಯ ಕಡೆಯವರು

ಮೊದಲು ಹೆಸರಿನ ಹುಟ್ಟು ನೋಡೋಣ. ಮನ್ರೋ ಎಂಬುದು ಸ್ಕಾಟ್ಲೆಂಡಿನ ಉತ್ತರ ಭಾಗದ ರಾಸ್ ಸೀಮೆಯ ಒಂದು ಮನೆತನದ ಹೆಸರು. ಫೌಲಿಸ್ ಕೋಟೆ ಈ ಮನೆತನದ ಮೂಲ ನೆಲೆ. ಅವರ ಹಿರಿಯರು ಐರ್ಲೆಂಡಿನ ಉತ್ತರದಲ್ಲಿ ಹರಿಯುವ ರೋ ಎಂಬ ನದಿಯ ದಂಡೆಯಿಂದ ವಲಸೆ ಬಂದವರು ಎಂಬುದು ಅವರಲ್ಲಿ ನಡೆದು ಬಂದ ನಂಬಿಕೆ. ಗೇಲಿಕ್ ಭಾಷೆಯಲ್ಲಿ ಆ ಮನೆತನದವರನ್ನು ಕರೆಯುವ ಮಾತಿನ ಅರ್ಥವೂ ‘ರೋ ಕಡೆಯವನು’ ಎಂದೇ. ನಮ್ಮಲ್ಲಿ ಊರ ಹೆಸರೇ ಮನೆಯ ಹೆಸರಾಗಿ ನಿಂತಂತೆ, ಅಲ್ಲಿ ಬಿಟ್ಟು ಬಂದ ಹೊಳೆಯ ಹೆಸರು ಮನೆತನದ ಗುರುತಾಗಿ ನಿಂತಿತು.

ಅಡ್ಡಹೆಸರಾಗಿ ಮನ್ರೋ ಜಗತ್ತಿಗೆ ಚೆನ್ನಾಗಿ ಗೊತ್ತು. 2013ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಕೆನಡಾದ ಕಥೆಗಾರ್ತಿ ಅಲಿಸ್ ಮನ್ರೋ ಅವರಿಗೆ ಈ ಹೆಸರು ಮೊದಲ ಗಂಡನ ಮನೆಯಿಂದ ಬಂದದ್ದು. ಸ್ಕಾಟ್ಲೆಂಡಿನಲ್ಲಿ 3000 ಅಡಿಗೆ ಮೇಲ್ಪಟ್ಟ ಬೆಟ್ಟಗಳನ್ನೇ ‘ಮನ್ರೋ’ ಎಂದು ಕರೆಯುವ ರೂಢಿಯಿದೆ. 1891ರಲ್ಲಿ ಅವುಗಳ ಪಟ್ಟಿ ಮಾಡಿದ ಹ್ಯೂ ಮನ್ರೋನ ನೆನಪಿಗೆ ಅದು ಬಂದ ಮಾತು. ಕಾಗುಣಿತ ತುಸು ಬದಲಾಗಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋನ ಹೆಸರಾಯಿತು; ಅವನಿಂದ ಆಫ್ರಿಕಾದ ಲೈಬೀರಿಯಾದ ರಾಜಧಾನಿ ಮನ್ರೋವಿಯಾ ಆಯಿತು.

ಆದರೆ ಮಗುವಿಗೆ ಇಡುವ ಹೆಸರಾಗಿ ಮನ್ರೋ ಇಂಗ್ಲಿಷ್ ಆಡುವ ನಾಡುಗಳಲ್ಲೂ ಅಪರೂಪವೇ. ಮಕ್ಕಳ ಪುಸ್ತಕಗಳನ್ನು ಬರೆದ ಅಮೆರಿಕದ ಮನ್ರೋ ಲೀಫ್ ಅವರಂಥ ಕೆಲವರ ಹೆಸರು ಕೇಳಿಬರುತ್ತದೆ, ಅಷ್ಟೆ. ಅಂಥ ಹೆಸರನ್ನು ಕಡಲಾಚೆಯ ಬಯಲುಸೀಮೆಯ ರೈತರು, ಒಂದಕ್ಷರ ಇಂಗ್ಲಿಷ್ ಬಾರದವರು, ತಮ್ಮ ಮಕ್ಕಳಿಗೆ ಮನಸಾರೆ ಇಟ್ಟರು.

ಡೇರೆಯ ದೊರೆ

ಥಾಮಸ್ ಮನ್ರೋ ಹುಟ್ಟಿದ್ದು 1761ರಲ್ಲಿ. 1780ರಲ್ಲಿ ಮದ್ರಾಸಿಗೆ ಬಂದಾಗ ಅವನು ಪಡೆಯ ಸಾಮಾನ್ಯ ಕೆಡೆಟ್. ಹೈದರ್, ಟಿಪ್ಪು ವಿರುದ್ಧದ ಯುದ್ಧಗಳಲ್ಲಿದ್ದ. ಆಮೇಲೆ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಕಂದಾಯದ ಕೆಲಸ ಕಲಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸ್ವಲ್ಪ ಕಾಲ ಕೆನರಾದಲ್ಲಿದ್ದ. 1800ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನಿಜಾಮ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಒಂದಿಷ್ಟು ಭಾಗವನ್ನು, ಕಂಪನಿಯ ಪಡೆಯ ಖರ್ಚಿಗೆಂದು ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರು ಪಡೆದದ್ದು ಈ ಸೀಮೆಯೇ. ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲವೂ ಅದರೊಳಗೆ ಬಂದವು. ಅದರ ಮೊದಲ ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದವನು ಮನ್ರೋ. 1807ರವರೆಗೆ ಇಲ್ಲಿದ್ದ.

ಅವನು ಬಂದಾಗ ಈ ಸೀಮೆಯಲ್ಲಿ ಎಂಬತ್ತರಷ್ಟು ಪಾಳೆಯಗಾರರಿದ್ದರು. ರೈತನ ಹೊಲಕ್ಕೆ ಯಾರು ಯಾವಾಗ ಬಂದು ಎಷ್ಟು ಕೇಳುತ್ತಾರೆಂಬುದಕ್ಕೆ ಲೆಕ್ಕವಿರಲಿಲ್ಲ. ವಿಜಯನಗರ ಅಳಿದ ಮೇಲಿನ ಇನ್ನೂರು ವರ್ಷಗಳಲ್ಲಿ ಬಿಜಾಪುರ, ಮೊಗಲರು, ಮರಾಠರು, ಮೈಸೂರು, ನಿಜಾಮ ಎಂದು ದೊರೆಗಳು ಬದಲಾಗುತ್ತಲೇ ಇದ್ದರು. ಮನ್ರೋ ಊರೂರು ತಿರುಗಿ, ವರ್ಷಗಟ್ಟಲೆ ಡೇರೆಯಲ್ಲೇ ವಾಸ ಮಾಡಿ, ಗೌಡ ಶಾನುಭೋಗರ ಮಾತಿನ ಜತೆಗೆ ರೈತನ ಮಾತನ್ನೂ ನೇರವಾಗಿ ಕೇಳುವ ಪದ್ಧತಿ ಹಿಡಿದ. ಸರ್ಕಾರ ಮತ್ತು ರೈತನ ನಡುವೆ ಜಮೀನ್ದಾರ ಬೇಡ, ಪ್ರತಿ ರೈತನ ಹೆಸರಿಗೆ ಪಟ್ಟಾ ಇರಬೇಕು, ಅವನ ಹೊಲಕ್ಕೆ ಎಷ್ಟು ಕಂದಾಯ ಎಂಬುದು ಅವನಿಗೆ ಮುಂಚೆಯೇ ಗೊತ್ತಿರಬೇಕು ಎಂಬ ರೈತವಾರಿ ಪದ್ಧತಿ ಗಟ್ಟಿಯಾದದ್ದು ಈ ಮಣ್ಣಿನಲ್ಲಿ.

ಅದಕ್ಕಾಗಿ ಹೊಲಗಳನ್ನು ಒಂದೊಂದಾಗಿ ಅಳೆಸಿದ. ಅಳತೆಗೆ ಹಿಡಿದದ್ದು 33 ಅಡಿಯ ಸರಪಳಿ. ಅಷ್ಟು ಉದ್ದ, ಅಷ್ಟೇ ಅಗಲದ 40 ಚೌಕ ಸೇರಿದರೆ ಒಂದು ಎಕರೆ. ಇವತ್ತು ನಾವು ಪಹಣಿ ಹಿಡಿದು 40 ಗುಂಟೆಗೆ ಒಂದು ಎಕರೆ ಎಂದು ಲೆಕ್ಕ ಹಾಕುವುದೂ ಇದೇ ಅಳತೆಯಲ್ಲಿ. ಮಸಾರಿಯೋ ಎರೆಯೋ, ಮಳೆಯ ಹೊಲವೋ ಕಾಲುವೆಯ ಗದ್ದೆಯೋ, ಬಾವಿ ಯಾರು ತೋಡಿಸಿದ್ದು ಎಂಬುದನ್ನೆಲ್ಲ ಬರೆಸಿ ದರ ಕಟ್ಟಿಸಿದ.

ರೈತರ ನೆನಪಿನಲ್ಲಿ ಅವನು ಉಳಿಯಲು ಮುಖ್ಯ ಕಾರಣ ಇದರ ಮುಂದಿನ ಹೆಜ್ಜೆ. ಅಳತೆ ಮುಗಿಸಿ ನೋಡಿದಾಗ ದರ ಹೆಚ್ಚಾಯಿತೆಂದು ಅವನಿಗೇ ಅನಿಸಿತು. 1807ರಲ್ಲಿ ಊರು ಬಿಡುವ ಮೊದಲು, ಎಲ್ಲ ಜಮೀನಿಗೂ ಶೇ 25ರಷ್ಟು, ಕೆರೆ ಬಾವಿ ನೀರಿನ ಜಮೀನಿಗೆ ಒಟ್ಟು ಶೇ 33ರಷ್ಟು ಕಂದಾಯ ಇಳಿಸಬೇಕೆಂದು ಸರ್ಕಾರಕ್ಕೆ ಬರೆದ. ಸರ್ಕಾರ ಒಪ್ಪಲಿಲ್ಲ. ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟು ನೋಡಿ ಕೈಸುಟ್ಟುಕೊಂಡಿತು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆಗಿ ಬಂದ ಮೇಲೆ, ತಾನು ಹದಿಮೂರು ವರ್ಷದ ಹಿಂದೆ ಬರೆದಿದ್ದ ಆ ಕಡಿತವನ್ನು ತಾನೇ ಜಾರಿಗೆ ತಂದ. ಕಂದಾಯದಲ್ಲಿ ಕಾಲು ಭಾಗ ಇಳಿಯಿತು ಎಂದರೆ ಬರದ ಸೀಮೆಯ ರೈತನಿಗೆ ಏನು ಸಿಕ್ಕಿತೆಂದು ವಿವರಿಸಬೇಕಾಗಿಲ್ಲ. ಬೀಜಕ್ಕೆ ಇಟ್ಟ ಕಾಳು ಉಳಿಯಿತು, ಎತ್ತು ಉಳಿದವು.

ಸಂಡೂರಿನ ಕಥೆಯಲ್ಲೂ ಮನ್ರೋ ಇದ್ದಾನೆ. ಅಲ್ಲಿ ಘೋರ್ಪಡೆ ಮನೆತನದ ಶಿವರಾವ್ ಆಳುತ್ತಿದ್ದ. ಪೇಶ್ವೆ ಎರಡನೇ ಬಾಜೀರಾಯ ಆ ಸಂಸ್ಥಾನ ತನಗೆ ಸೇರಬೇಕೆಂದು ಹಟ ಹಿಡಿದು, ಒಪ್ಪಂದದಂತೆ ಅದನ್ನು ಬಿಡಿಸಿಕೊಡಲು ಕಂಪನಿಯನ್ನು ಕೇಳಿದ. 1817ರ ಅಕ್ಟೋಬರ್‌ನಲ್ಲಿ ಪಡೆಯೊಂದಿಗೆ ಸಂಡೂರಿಗೆ ಬಂದವನು ಮನ್ರೋ. ಶಿವರಾವ್ ಕಾದಾಡದೆ ಕೋಟೆ ಒಪ್ಪಿಸಿದ. ಮುಂದಿನ ವರ್ಷವೇ ಪೇಶ್ವೆಯ ಆಳ್ವಿಕೆ ಮುಗಿಯಿತು. ಆಗ ಮನ್ರೋನ ಶಿಫಾರಸಿನ ಮೇಲೆ ಸಂಡೂರು ಶಿವರಾವ್‌ಗೆ ಮರಳಿ ಸಿಕ್ಕಿತು; 1826ರಲ್ಲಿ ಮದ್ರಾಸ್ ಸರ್ಕಾರ ಸನದನ್ನೂ ಕೊಟ್ಟಿತು. ಕಸಿದುಕೊಳ್ಳಲು ಬಂದವನೇ ಮರಳಿ ಕೊಡಿಸಿದ ಈ ಪ್ರಸಂಗದಿಂದಲೇ ಸಂಡೂರು ಸಂಸ್ಥಾನ 1949ರವರೆಗೆ ಉಳಿದುಕೊಂಡಿತು.

1827ರಲ್ಲಿ ಊರಿಗೆ ಮರಳುವ ಮುನ್ನ, ತಾನು ಮೊದಲು ಆಳಿದ ಸೀಮೆಯನ್ನು ಕೊನೆಯ ಸಲ ನೋಡಬೇಕೆಂದು ಮನ್ರೋ ದತ್ತ ಮಂಡಲಕ್ಕೆ ಬಂದ. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು. ಆಮೇಲೆ ಅವಶೇಷವನ್ನು ಮದ್ರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವನ ಹೆಸರಲ್ಲಿ ಬಾವಿ ತೋಡಿಸಿ ತೋಪು ಹಾಕಿದರು, ಗುತ್ತಿಯಲ್ಲಿ ಛತ್ರ ಕಟ್ಟಿದರು.

ಒಂದೇ ಒಂದು ಇಂಗ್ಲಿಷ್ ಶಾಲೆ

ಸಾಹೇಬರ ಹೆಸರನ್ನು ಮಗನಿಗಿಟ್ಟದ್ದು ಸಾಹೇಬರ ಮೋಹದಿಂದ ಎಂದು ಯಾರಾದರೂ ಹೇಳಬಹುದು. ಲೆಕ್ಕ ಬೇರೆ ಹೇಳುತ್ತದೆ. 1822ರಲ್ಲಿ ಗವರ್ನರ್ ಮನ್ರೋ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕೊಟ್ಟ ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದದ್ದು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು.

ಅಂದರೆ ಈ ಹೆಸರು ಶಾಲೆಯ ಬಾಗಿಲಿಂದ ಬಂದದ್ದಲ್ಲ, ಹೊಲದ ಬದುವಿನಿಂದ ಬಂದದ್ದು. ಮತ ಬದಲಾವಣೆಯಿಂದಲೂ ಬಂದದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದ. ಆ ದಾರಿಯಲ್ಲಿ ಯೋಹಾನ, ಪೇತ್ರ ಮುಂತಾದ ಹೆಸರುಗಳು ಬಂದವು. ಮನ್ರೋಲಪ್ಪನೋ ಹಣೆಗೆ ವಿಭೂತಿ ಹಚ್ಚಿಕೊಂಡವನು, ಇಲ್ಲವೇ ನಾಮ ಹಾಕಿಕೊಂಡವನು.

ಜನರ ಬಾಯಲ್ಲಿ ಮನ್ರೋ ಕಥೆಯಾಗಿ ಬೆಳೆದ. ಅವನು ಮಾಂಡವ ಋಷಿಯ ಅವತಾರ ಎಂದರು. ಆಗ ಬಳ್ಳಾರಿ ಜಿಲ್ಲೆಯ ಆದವಾನಿ ತಾಲ್ಲೂಕಿಗೆ ಸೇರಿದ್ದ ಮಂಚಾಲೆಯಲ್ಲಿ, ಎಂದರೆ ಇಂದಿನ ಮಂತ್ರಾಲಯದಲ್ಲಿ, ಮಠದ ಇನಾಮಿನ ವಿಚಾರಣೆಗೆ ಬಂದ ಮನ್ರೋ ಟೊಪ್ಪಿಗೆ, ಬೂಟು ಕಳಚಿ ಒಳಗೆ ಹೋದಾಗ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದಲೇ ಅವನೊಡನೆ ಮಾತನಾಡಿ ಮಂತ್ರಾಕ್ಷತೆ ಕೊಟ್ಟರೆಂಬ ಪ್ರತೀತಿ ರಾಯರ ಭಕ್ತರ ಮನೆಮನೆಯಲ್ಲೂ ಇದೆ. ಕಡಪ ಕಡೆಯ ಗಂಡಿಯಲ್ಲಿ ಆಂಜನೇಯನ ಬೆಟ್ಟದ ಕಣಿವೆಯ ಮೇಲೆ ಬಂಗಾರದ ತೋರಣ ಅವನ ಕಣ್ಣಿಗೆ ಬಿತ್ತೆಂಬ ಕಥೆಯೂ ಇದೆ. ಕಥೆಯನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಜನ ಯಾರನ್ನು ತಮ್ಮ ಕಥೆಯೊಳಗೆ ಬಿಟ್ಟುಕೊಂಡರು ಎಂಬುದು ಮಾತ್ರ ಇತಿಹಾಸವೇ.

‘ಅಪ್ಪ’ ಸೇರಿದರೆ ನಮ್ಮವನು

ಹೊರಗಿನ ಹೆಸರಿಗೆ ‘ಅಪ್ಪ’ ಸೇರಿಸಿ ಒಳಗೆ ಕರೆದುಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಮೊಹರಂ ಹಬ್ಬದಲ್ಲಿ ಪೀರಲ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗ ಹುಸೇನಪ್ಪನಾದ. ಫಕೀರನ ಆಶೀರ್ವಾದದಿಂದ ಬದುಕಿದವನು ಫಕೀರಪ್ಪನಾದ, ಮಗಳು ಫಕೀರಮ್ಮಳಾದಳು. ಈ ಹೆಸರಿನ ಹಿಂದೂ ಮನೆಗಳು ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಎಷ್ಟಿವೆಯೆಂದರೆ, ಯಾರೂ ಅದನ್ನು ವಿಶೇಷವೆಂದು ನೋಡುವುದಿಲ್ಲ. ಮನ್ರೋಲಪ್ಪನೂ ಇದೇ ಸಾಲಿನವನು. ನಡುವಿನ ಆ ‘ಲ’ಕಾರ ತೆಲುಗಿನಲ್ಲಿ ಗೌರವಕ್ಕೆ ಸೇರಿಸುವ ‘ಲು’ವಿನ ನೆರಳಿನಂತೆ ಕಿವಿಗೆ ಕೇಳಿಸುತ್ತದೆ, ಎರಡು ನುಡಿಗಳು ಕೂಡಿ ಬಾಳಿದ ಸೀಮೆಯಲ್ಲಿ ಅದು ಸಹಜವೇ.

ಹೆಸರಿಡುವ ಶಾಸ್ತ್ರವನ್ನೊಮ್ಮೆ ನೋಡಿ. ತೊಟ್ಟಿಲಿಗೆ ಹೂವು ಕಟ್ಟಿ, ಗುಗ್ಗರಿ ಬೇಯಿಸಿ, ಓಣಿಯ ಹೆಂಗಸರನ್ನು ಕರೆಯುತ್ತಾರೆ. ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ಕೊಟ್ಟರೆ ಕೆಳಗಿಂದ ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಆಮೇಲೆ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ ಎಂದು ಹೆಸರು ಹೇಳುತ್ತಾಳೆ. ಅವಳು ಬಗ್ಗಿದ್ದೇ ತಡ, ಸುತ್ತಲಿನ ಹೆಂಗಸರೆಲ್ಲ ಸೇರಿ ಬೆನ್ನಿಗೆ ಗುದ್ದುತ್ತಾರೆ. ನಗು, ಕೂಗಾಟ, ತೊಟ್ಟಿಲ ಹಾಡು, ಗುಗ್ಗರಿಯ ಹಂಚಿಕೆ. ಇಡೀ ಓಣಿ ಸಾಕ್ಷಿಯಾಗಿ ನಿಂತ ಮೇಲೆ ಆ ಹೆಸರು ಮನೆಯದಷ್ಟೇ ಅಲ್ಲ, ಊರಿನದು.

ಅಲ್ಲಿ ಹೇಳುವ ಹೆಸರು ಸುಮ್ಮನೆ ಚೆಂದಕ್ಕೆ ಆರಿಸಿದ್ದಾಗಿರುತ್ತಿರಲಿಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ, ಹೊಸ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದರು. ಕಲ್ಲಿನಂತೆ ಗಟ್ಟಿಯಾಗಿರಲೆಂದು ಕಲ್ಲಪ್ಪ, ಗುಂಡಪ್ಪ ಎಂದರು. ಕೊಟ್ಟೂರು ಗುರುಬಸವೇಶ್ವರನಿಗೆ ಬೇಡಿಕೊಂಡರೆ ಕೊಟ್ರಪ್ಪ, ಕೊಟ್ರಮ್ಮ. ಚೇಳಗುರ್ಕಿಯ ಎರ್ರಿತಾತನಿಗೆ ಬೇಡಿಕೊಂಡರೆ ಎರ್ರಿಸ್ವಾಮಿ. ಹೊಳೆಯಾಚೆಯ ಹುಲಿಗಿಗೆ ಹೋಗಿ ಬಂದರೆ ಹುಲಿಗೆಪ್ಪ, ಹುಲಿಗೆಮ್ಮ. ಮೈಲಾರಲಿಂಗನ ಒಕ್ಕಲಾದರೆ ಮೈಲಾರಪ್ಪ. ಸಂಡೂರಿನ ಬೆಟ್ಟದ ಕುಮಾರಸ್ವಾಮಿಯ ಹೆಸರಂತೂ ಸುತ್ತಲಿನ ಹಳ್ಳಿಗಳಲ್ಲಿ ಮನೆಗೊಂದು. ಇವುಗಳ ನಡುವೆ, ಕಂದಾಯ ಇಳಿಸಿದ ದೊರೆಯ ಹೆಸರನ್ನೂ ಒಂದು ಮಗುವಿನ ಮೇಲೆ ಹೊರಿಸಿದ್ದು ಅದೇ ಮನಸ್ಸು.

ಇಂಥ ಮನಸ್ಸು ನಮ್ಮೊಬ್ಬರದೇ ಅಲ್ಲ. ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿಸಿದ ಪೆನ್ನಿಕ್ವಿಕ್ ಹೆಸರನ್ನು ತಮಿಳುನಾಡಿನ ಥೇಣಿ ಕಡೆಯ ರೈತರು ಇಂದಿಗೂ ಮಕ್ಕಳಿಗೆ ಇಡುತ್ತಾರೆ. ನೀರು ಕೊಟ್ಟವನನ್ನು, ನ್ಯಾಯವಾದ ಕಂದಾಯ ಕಟ್ಟಿದವನನ್ನು ರೈತ ಮರೆಯುವುದಿಲ್ಲ.

ಪಂಪೆ ಹಂಪೆಯಾಗಿ, ಹಂಪಮ್ಮಳಾಗಿ

ಮನ್ರೋ ಎಂಬ ಹೆಸರು ಹೊಳೆಯಿಂದ ಹುಟ್ಟಿದಂತೆ, ಅವನು ಆಳಿದ ಸೀಮೆಯ ಅತಿ ಪುರಾತನ ಹೆಸರೂ ಹೊಳೆಯಿಂದ ಬಂದದ್ದು. ತುಂಗಭದ್ರೆಗೆ ಇಲ್ಲಿ ಪಂಪಾ ಎಂದು ಹೆಸರು. ಬಾದಾಮಿ ಚಾಲುಕ್ಯರ ವಿನಯಾದಿತ್ಯನ ಕಾಲದ, 7ನೇ ಶತಮಾನದ ಕೊನೆಯ ತಾಮ್ರಶಾಸನದಲ್ಲೇ ಪಂಪೆಯ ತೀರದ ಉಲ್ಲೇಖವಿದೆ. ಹಳಗನ್ನಡದ ‘ಪ’ಕಾರ ನಡುಗನ್ನಡದ ಹೊತ್ತಿಗೆ ‘ಹ’ಕಾರವಾಗಿ, ಪಾಲು ಹಾಲಾದಂತೆ ಪಂಪೆ ಹಂಪೆಯಾಯಿತು. ಹೊಳೆ ದೇವಿಯಾದಳು, ದೇವಿ ವಿರೂಪಾಕ್ಷನ ಮಡದಿಯಾದಳು. ಫಲಪೂಜೆಯಲ್ಲಿ ಅವರ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ, ಆಮೇಲೆ ಜೋಡಿ ರಥೋತ್ಸವ. ಗಂಡ ಪಂಪಾಪತಿ ಎನಿಸಿಕೊಂಡ.

ಈ ಒಂದು ಬೇರಿನಿಂದ ಎಷ್ಟು ಹೆಸರು ಚಿಗುರಿದವು ನೋಡಿ: ಪಂಪಾಪತಿ, ಪಂಪಣ್ಣ, ಹಂಪಣ್ಣ, ಹಂಪಯ್ಯ, ಹಂಪನಗೌಡ, ಹಂಪಮ್ಮ, ಹಂಪವ್ವ. ಗಂಡನ ಕಡೆಯಿಂದ ವಿರೂಪಾಕ್ಷಪ್ಪ, ವಿರೂಪಾಕ್ಷಗೌಡ. ಒಂದೇ ಹೆಸರು ಬ್ರಾಹ್ಮಣರ ಮನೆಯಲ್ಲಿ ‘ಪ’ಕಾರ ಉಳಿಸಿಕೊಂಡರೆ, ಒಕ್ಕಲಿನ ಮನೆಯಲ್ಲಿ ‘ಹ’ಕಾರವಾಗುವುದು ಹೆಚ್ಚು, ಆದರೆ ಇದು ಕಟ್ಟುನಿಟ್ಟಲ್ಲ. ದಾವಣಗೆರೆಯ ಕಾರ್ಮಿಕ ನಾಯಕ, ಕಮ್ಯುನಿಸ್ಟ್ ಶಾಸಕ ಪಂಪಾಪತಿ ಅವರ ಹೆಸರು ಹಳಬರಿಗೆ ನೆನಪಿರುತ್ತದೆ. ಸಿಂಧನೂರಿನ ಹಂಪನಗೌಡ ಬಾದರ್ಲಿ ಅವರ ಹೆಸರು ಇಂದಿನವರಿಗೂ ಗೊತ್ತು. ಹಂಪಿಯ ತೇರಿಗೆ ಬರುವ ಒಕ್ಕಲು ಎಲ್ಲಿಯವರೆಗೆ ಹರಡಿದೆಯೋ ಅಲ್ಲಿಯವರೆಗೆ ಈ ಹೆಸರುಗಳೂ ಹರಡಿವೆ.

ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಗೆ ಹಾಕುತ್ತಿದ್ದ ಒಪ್ಪವೂ ‘ಶ್ರೀ ವಿರೂಪಾಕ್ಷ’ ಎಂದೇ. ಸಂಸ್ಕೃತದ ಶಾಸನವಿದ್ದರೂ ಆ ಒಪ್ಪ ಮಾತ್ರ ಕನ್ನಡ ಲಿಪಿಯಲ್ಲಿ. ರಾಜ್ಯವೇ ದೇವರದು, ತಾನು ನಡೆಸುವವನು ಮಾತ್ರ ಎಂಬ ಭಾವ ಅದರಲ್ಲಿದೆ. ಅರಸನಿಂದ ಕುರುಬರ ಹುಡುಗನವರೆಗೆ ಒಂದೇ ಹೆಸರಿನ ಋಣ.

ಹೆಸರು ಊರಿಂದ ಮನುಷ್ಯನಿಗೆ ಬಂದಂತೆ, ಮನುಷ್ಯನಿಂದ ಊರಿಗೂ ಹೋಗಿದೆ. ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯ ನಾಗಲಾದೇವಿಯ ಹೆಸರಲ್ಲಿ ಕಟ್ಟಿಸಿದ್ದು. ಕಂಪ್ಲಿಯ ಹೆಸರನ್ನು ಜನ ಕಂಪಿಲರಾಯನೊಂದಿಗೆ ಸೇರಿಸಿಯೇ ನೆನೆಯುತ್ತಾರೆ. ಅವನ ಮಗ ಗಂಡುಗಲಿ ಕುಮಾರರಾಮ 1327ರ ಹೊತ್ತಿಗೆ ದಿಲ್ಲಿಯ ತುಘಲಕ್ ಪಡೆಯನ್ನು ಎದುರಿಸಿ ಮಡಿದವನು. ಬೇಡರ, ನಾಯಕರ ಮನೆಗಳಲ್ಲಿ ಅವನಿಗೆ ಇಂದಿಗೂ ಪೂಜೆಯುಂಟು. ಆದರೆ ಕಂಪಣ್ಣ, ಬುಕ್ಕಣ್ಣ, ಮುದ್ದಪ್ಪ ಎಂಬ ಅರಸರ ಕಾಲದ ಹೆಸರುಗಳಲ್ಲಿ ಮೊದಲಿನ ಎರಡು ಈಗ ಈ ಸೀಮೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಾಮ್ರಾಜ್ಯ ಕಟ್ಟಿದ ಬುಕ್ಕರಾಯನ ಹೆಸರು ರಸ್ತೆಗೆ, ವೃತ್ತಕ್ಕೆ ಉಳಿಯಿತು, ತೊಟ್ಟಿಲಿಗೆ ಉಳಿಯಲಿಲ್ಲ.

ಉಳಿಯುವ ಹೆಸರು, ಹೋಗುವ ಹೆಸರು

ಹಾಗಾದರೆ ಯಾವ ಹೆಸರು ಉಳಿಯುತ್ತದೆ? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ಈ ನಾಲ್ಕು ಊರುಗಳ ಸುತ್ತಲಿನ ಹೆಸರುಗಳನ್ನು ಗಮನಿಸಿದರೆ ಎರಡು ಸಂಗತಿ ಎದ್ದು ಕಾಣುತ್ತವೆ.

ಮೊದಲನೆಯದು, ಜಾತ್ರೆ ಇರುವ ಹೆಸರು ಉಳಿಯುತ್ತದೆ. ಕೊಟ್ಟೂರಿನ ತೇರು ಪ್ರತಿ ವರ್ಷ ಎಳೆಯುತ್ತಾರೆ. ಪಾದಯಾತ್ರೆಗೆ ಸಾವಿರಾರು ಜನ ಹೊರಡುತ್ತಾರೆ. ಆ ದಾರಿಯಲ್ಲಿ ಹೊತ್ತ ಹರಕೆ ಮುಂದಿನ ವರ್ಷ ಒಬ್ಬ ಕೊಟ್ರೇಶನಾಗಿ ಹುಟ್ಟುತ್ತದೆ. ಮನ್ರೋನಿಗೆ ತೇರಿಲ್ಲ. ಕಂದಾಯ ಇಳಿದ ಸಂತೋಷ ಕಂಡವರ ಎದೆಯಲ್ಲಿತ್ತು, ಮಕ್ಕಳ ಕಿವಿಯಲ್ಲಿತ್ತು, ಮೊಮ್ಮಕ್ಕಳಿಗೆ ಬರೀ ಕಥೆಯಾಯಿತು. 1876-78ರ ಬರದ ಕಾಲಕ್ಕೆ, ಕಂಪನಿಯ ನಂತರ ಬಂದ ಬ್ರಿಟಿಷ್ ಸರ್ಕಾರದ ಕೈಯಲ್ಲಿ ಈ ಸೀಮೆಯ ಜನ ಅನ್ನವಿಲ್ಲದೆ ಸತ್ತರು. ಆಮೇಲೆ ಸ್ವಾತಂತ್ರ್ಯದ ಹೋರಾಟ ಬಂತು. ಮಕ್ಕಳಿಗೆ ಗಾಂಧಿ, ಜವಾಹರ, ಸುಭಾಷ್ ಎಂದು ಹೆಸರಿಡುವ ಕಾಲ ಬಂದ ಮೇಲೆ ಬ್ರಿಟಿಷ್ ದೊರೆಯ ಹೆಸರಿಗೆ ಜಾಗ ಉಳಿಯಲಿಲ್ಲ. ಅದು ನ್ಯಾಯವೂ ಹೌದು.

ಎರಡನೆಯದು, ಬಾಲ ಬದಲಿಸಿಕೊಳ್ಳುವ ಹೆಸರು ಉಳಿಯುತ್ತದೆ. ಕೊಟ್ರಪ್ಪ ಶಾಲೆಗೆ ಸೇರುವಾಗ ಕೊಟ್ರೇಶನಾದ. ಹುಲಿಗೆಪ್ಪ ಹುಲಿಗೇಶನಾದ. ನಾಗಪ್ಪ ನಾಗರಾಜನಾದ, ಬಸಪ್ಪ ಬಸವರಾಜನಾದ. ‘ಅಪ್ಪ’ ಹಳ್ಳಿಯದು, ‘ಈಶ’ ಪಟ್ಟಣದ್ದು ಎಂಬ ಭಾವನೆ ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಬೆಳೆದಂತೆ, ಈ ಬದಲಾವಣೆಗೆ ಬಗ್ಗಿದ ಹೆಸರುಗಳು ಬದುಕಿದವು. ಮನ್ರೋಲಪ್ಪ ಮನ್ರೋಲೇಶನಾಗಲು ಸಾಧ್ಯವಿಲ್ಲ. ಹಂಪಮ್ಮನಿಗೂ ಇದೇ ಪಾಡು ಬಂದಿದೆ. ಗಂಡು ಹೆಸರಿಗೆ ಸಿಕ್ಕ ‘ಈಶ’ದ ಆಸರೆ ಹೆಣ್ಣು ಹೆಸರಿಗೆ ಸಿಗಲಿಲ್ಲ. ಹುಲಿಗೆಮ್ಮ, ಹಂಪಮ್ಮ, ಕೊಟ್ರಮ್ಮ, ತಿಪ್ಪಮ್ಮ ಎಂಬ ಹೆಸರುಗಳು ಅಜ್ಜಿಯರಿಗೆ ನಿಂತುಹೋಗಿವೆ. ಸಂಡೂರಿನ ತಾಂಡಾಗಳಲ್ಲಿ ಸೋಮ್ಲಾ, ಹೇಮ್ಲಾ, ಗೋಮ್ಲಿಬಾಯಿ ಎಂಬ ಲಂಬಾಣಿ ಹೆಸರುಗಳಿಗೂ ಇದೇ ಆಗುತ್ತಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಕಸೂತಿ ಹಾಕುವ ಕೈಗಳ ಹೆಸರಿಗೆ ಯಾವ ಗುರುತೂ ಸಿಗಲಿಲ್ಲ.

ಈಗಿನ ತೊಟ್ಟಿಲಲ್ಲಿ ಎರಡಕ್ಷರದ, ಮೂರಕ್ಷರದ, ಹೇಳಲು ಹಗುರವಾದ ಹೆಸರುಗಳು. ಅವು ದಾವಣಗೆರೆಯಲ್ಲೂ ಅವೇ, ದಿಲ್ಲಿಯಲ್ಲೂ ಅವೇ. ಯಾವ ಊರಿನ ಮಗು, ಯಾವ ಹೊಳೆಯ ನೀರು ಕುಡಿದದ್ದು ಎಂದು ಅವು ಹೇಳುವುದಿಲ್ಲ. ಹೊಸ ಹೆಸರಿಡುವ ತಾಯಿತಂದೆಯರನ್ನು ದೂರಲಾಗದು. ಹೆಸರು 'ಹಳೆಯದಾಗಿದೆ' ಎಂದು ಶಾಲೆಯಲ್ಲಿ ನಗಿಸಿಕೊಂಡ ಹುಡುಗಿ ತನ್ನ ಮಗಳಿಗೆ ಆ ನೋವು ಬೇಡವೆಂದು ಬಯಸುವುದು ಸಹಜ. ತಪ್ಪು ನಗುವವರದು.

ಋಣ ಮತ್ತು ವಿವೇಕ

ಮನ್ರೋಲಪ್ಪನ ಹೆಸರನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಮನ್ರೋ ಕಂಪನಿಯ ನೌಕರ. ಪಾಳೆಯಗಾರರನ್ನು ಅಡಗಿಸಿದ್ದು ಕಂಪನಿಯ ಹಿತಕ್ಕೆ, ಹೊಲ ಅಳೆಸಿದ್ದು ಕಂಪನಿಯ ಖಜಾನೆಗೆ. ಈ ಸೀಮೆಯ ಹಣ ಕಡಲು ದಾಟಿ ಹೋಯಿತು ಎಂಬುದನ್ನು ಯಾವ ಒಳ್ಳೆಯ ಕಥೆಯೂ ಮುಚ್ಚಲಾರದು. ಆದರೂ ಅಂದಿನ ರೈತರು ಒಂದು ವಿವೇಕ ತೋರಿದರು. ಇಡೀ ಕಂಪನಿಗೆ ಅವರು ಕೈ ಮುಗಿಯಲಿಲ್ಲ. ಬಳ್ಳಾರಿಗೆ ಬಂದುಹೋದ ಎಷ್ಟೋ ಕಲೆಕ್ಟರುಗಳ ಹೆಸರು ಮಗುವಿಗೆ ಬರಲಿಲ್ಲ. ಸಂಡೂರು ಬೆಟ್ಟಗಳ ರಾಮನದುರ್ಗದಲ್ಲಿ ಬಿಳಿಯ ಸೈನಿಕರ ಆರೋಗ್ಯಧಾಮವಿತ್ತು. ಅಲ್ಲಿಯ ಗೋರಿಗಳ ಮೇಲಿನ ಹೆಸರುಗಳು ಗೋರಿಗಳಲ್ಲೇ ಉಳಿದವು. ಯಾರು ತಮ್ಮ ಮಾತು ಕೇಳಿದರು, ಯಾರು ತಮ್ಮ ಹೊರೆ ಇಳಿಸಿದರು ಎಂದು ತೂಗಿ ನೋಡಿ, ಒಬ್ಬನನ್ನು ಆರಿಸಿ, ಅವನಿಗೆ ‘ಅಪ್ಪ’ ಸೇರಿಸಿದರು. ಅಧಿಕಾರಿಗೆ ಪ್ರಜೆಗಳು ಕೊಡಬಹುದಾದ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ. ಇಂದು ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತವರು ಇದನ್ನು ನೆನಪಿಡಬೇಕು.

2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಆಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆಗಳ ಗೆರೆ ಬದಲಾದರೂ ಹೆಸರುಗಳ ಸೀಮೆ ಒಂದೇ. ಕಲ್ಬುರ್ಗಿಯವರಂಥ ವಿದ್ವಾಂಸರು ಕನ್ನಡ ನಾಮವಿಜ್ಞಾನಕ್ಕೆ ದಾರಿ ಹಾಕಿಕೊಟ್ಟಿದ್ದಾರೆ. 1991ರಿಂದ ಕನ್ನಡ ವಿಶ್ವವಿದ್ಯಾಲಯ ಹಂಪಿಯ ಮಗ್ಗುಲಲ್ಲೇ ಇದೆ. ಈ ಸೀಮೆಯ ಮತದಾರರ ಪಟ್ಟಿಯಲ್ಲಿ, ಹಳೆಯ ಶಾಲಾ ದಾಖಲೆಗಳಲ್ಲಿ ಇರುವ ವ್ಯಕ್ತಿನಾಮಗಳನ್ನು, ಅವುಗಳ ಹಿಂದಿನ ಹರಕೆಯ ಕಥೆಗಳೊಂದಿಗೆ ಈಗಲೇ ಬರೆದಿಡಬೇಕು. ಕಲ್ಲಿನ ಮಂಟಪಕ್ಕೆ ಕಾವಲು ಹಾಕಬಹುದು. ಅಜ್ಜಿಯ ಜತೆ ಹೋಗುವ ಕಥೆಗೆ ಕಾವಲಿಲ್ಲ.

ಮನೆಯಲ್ಲಿ ಕೂಸು ಹುಟ್ಟಿದವರಿಗೆ ಒಂದು ಮಾತು. ಹೆಸರಿಡುವ ಮೊದಲು ಹಿರಿಯರ ಹತ್ತಿರ ಕೂತು, ನಿಮ್ಮ ಹೆಸರು ಯಾರ ಋಣಕ್ಕೆ ಬಂತು ಎಂದು ಕೇಳಿ. ಕೇಳಿದ್ದನ್ನು ಬರೆದಿಡಿ. ಇಷ್ಟವಾದ ಹೊಸ ಹೆಸರಿಡಿ, ಅದರ ಜತೆಗೆ ಪಂಪಾ ಎಂದೋ ವಿರೂಪಾಕ್ಷ ಎಂದೋ ಒಂದು ಹೆಸರು ಸೇರಿಸಿ. ತೊಟ್ಟಿಲಿಗಷ್ಟೇ ಬಿಡದೆ ಜನನ ಪ್ರಮಾಣಪತ್ರದಲ್ಲೂ ಬರೆಸಿ. ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ವಿಳಂಬ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಹೆಸರು ಸೇರಿಸಲು ನಿಯಮದಲ್ಲಿ ಅವಕಾಶವಿದೆ.